ಮೊಳೆಯ ಮೇಲಿದ್ದ ಹ್ಯಾಂಡಲ್

ಬೆಳಿಗ್ಗೆ ಎಂಟೂಕಾಲಿಗೆ ಮಕ್ಕಳ ಹೃದಯದ ಆಸ್ಪತ್ರೆಯಿಂದ ಠಾಣೆಗೆ ದೂರು ಬಂತು. ಕಳುವಾಗಿದ್ದು ಗೇಣುದ್ದದ ಒಂದು ಉಕ್ಕಿನ ಹ್ಯಾಂಡಲ್.

ಬಾಯಿಗೆ ಬಿಡುವೇ ಕೊಡದ ಕಾನ್‌ಸ್ಟೆಬಲ್‌ಗೆ ಠಾಣೆಯವರೆಲ್ಲ ಸೇರಿ ಇಟ್ಟ ಹೆಸರು ರೇಡಿಯೊ. "ಹ್ಯಾಂಡಲ್‌ಗೂ ಎಫ್‌ಐಆರಾ ಮೇಡಂ? ನಾಳೆ ಬಕೆಟ್ ಕಳೆದ್ರೂ ಬರ್ತಾರೆ ನೋಡಿ," ಎಂದ.

ಇನ್‌ಸ್ಪೆಕ್ಟರ್ ನಗಲಿಲ್ಲ. ಫೋನಿನಲ್ಲಿ ಕೇಳಿದ ಹೆಂಗಸಿನ ದನಿ ನಡುಗುತ್ತಿತ್ತು. ಅದು ಹೃದಯದ ಬದಲು ರಕ್ತ ಓಡಿಸುವ ಪಂಪು ನಡೆಸುವ ತಂತ್ರಜ್ಞೆಯ ದನಿ. ಆಸ್ಪತ್ರೆಯಲ್ಲಿ ಆಕೆ ಇವರಿಗಾಗಿ ಬಾಗಿಲಲ್ಲೇ ಕಾದಿದ್ದಳು.

"ಆಪರೇಷನ್ ಮಾಡುವಾಗ ಮಗುವಿನ ಹೃದಯ ನಿಲ್ಲಿಸ್ತೀವಿ ಮೇಡಂ. ಅಷ್ಟು ಹೊತ್ತೂ ಪಂಪೇ ರಕ್ತ ಓಡಿಸ್ಬೇಕು. ಕರೆಂಟು ಹೋಗಿ ಬ್ಯಾಟರಿನೂ ಕೈಕೊಟ್ರೆ ಹ್ಯಾಂಡಲ್ ಸಿಕ್ಕಿಸಿ ಕೈಯಲ್ಲೇ ತಿರುಗಿಸ್ತೀವಿ. ಅದಿಲ್ದೆ ಆಪರೇಷನ್ ಶುರು ಮಾಡೋ ಹಾಗಿಲ್ಲ."

"ಹಾಗಾದ್ರೆ ಇವತ್ತಿಂದು ನಿಲ್ಲಿಸಿ."

"ನಿಲ್ಸಿದೀವಿ. ಮಗುವಿನ ಮನೆಯವರಿಗೆ ಇನ್ನೂ ಹೇಳಿಲ್ಲ. ನನ್ನ ಭಯ ಅದಲ್ಲ." ಆಕೆ ಗಾಜಿನಾಚೆ ತೋರಿಸಿದಳು.

ಅಲ್ಲಿ ಏಳು ತಿಂಗಳ ಕೂಸು ಮಲಗಿತ್ತು. ಆಪರೇಷನ್ ಆಗಿದ್ದರೂ ಅದರ ಹೃದಯ ಇನ್ನೂ ಚೇತರಿಸಿಕೊಂಡಿರಲಿಲ್ಲ. ಎರಡು ಕೊಳವೆಗಳಲ್ಲಿ ರಕ್ತ ಹೊರಗೆ ಬಂದು, ಪಂಪು ಹಾದು, ಒಳಗೆ ಹೋಗುತ್ತಿತ್ತು. ಒಂದು ಕಾಲುಚೀಲ ಕಳಚಿಬಿದ್ದಿತ್ತು. ರೇಡಿಯೊ ತೆರೆದ ಬಾಯಿ ಹಾಗೇ ಮುಚ್ಚಿದ.

"ಇನ್ನೊಂದು ಹ್ಯಾಂಡಲ್ ಸವೆದು ರಿಪೇರಿಗೆ ಹೋಗಿದೆ. ಆಪರೇಷನ್ ಕೋಣೆಗೂ ಈ ಕೋಣೆಗೂ ಇರ್ಲಿ ಅಂತ ಇದೊಂದನ್ನ ನಡುವಿನ ಓಣಿಯಲ್ಲಿ ಮೊಳೆಗೆ ಹಾಕಿದ್ವಿ. ತಪ್ಪು ನಮ್ದೇ. ಬೆಳಿಗ್ಗೆಯಿಂದ ಕರೆಂಟು ಬಂದು ಹೋಗಿ ಮಾಡ್ತಿದೆ."

ಇನ್‌ಸ್ಪೆಕ್ಟರ್ ತಡಮಾಡಲಿಲ್ಲ. ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಶುರುಮಾಡಿಸಿದಳು. ಮೊಳೆ ಗಟ್ಟಿಯಾಗಿತ್ತು, ಕೊಳವೆಗಳು ನೆಟ್ಟಗಿದ್ದವು, ಬೆಲೆಬಾಳುವ ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಯಂತ್ರ ಕೆಡಿಸಲು ಬಂದವನ ಕೆಲಸ ಇದಲ್ಲ, ಬರೀ ಆಪರೇಷನ್ ನಿಲ್ಲಿಸಲು ಬಂದವನದು ಎಂದು ಅವಳಿಗೆ ಅನ್ನಿಸಿತು.

"ಇದಿಲ್ದಿದ್ರೆ ಆಪರೇಷನ್ ಇಲ್ಲ ಅಂತ ಹೊರಗಿನವರಿಗೆ ಯಾರಿಗೆ ಗೊತ್ತು?"

ತಂತ್ರಜ್ಞೆ ತುಸು ತಡವರಿಸಿದಳು. "ಹಿಂದಿನ ದಿನ ಮಗುವಿನ ಮನೆಯವರಿಗೆ ಎಲ್ಲ ತೋರಿಸ್ತೀನಿ. ಧೈರ್ಯ ಬರ್ಲಿ ಅಂತ. ಇವತ್ತು ಆಪರೇಷನ್ ಆಗ್ಬೇಕಿದ್ದ ಹುಡುಗಿಯ ಅಪ್ಪ ಅಮ್ಮ ನಿನ್ನೆ ಬಂದಿದ್ರು."

ಐದು ವರ್ಷದ ಹುಡುಗಿ ವಾರ್ಡಿನ ಮಂಚದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ತಿನ್ನಿಸುತ್ತಿದ್ದವನು ಅಪ್ಪ. ಅವನ ಉಗುರಿನ ಸಂದಿಯಲ್ಲೆಲ್ಲ ಗ್ರೀಸು.

"ಆಪರೇಷನ್‌ಗೆ ಮುಂಚೆ ಖಾಲಿ ಹೊಟ್ಟೇಲಿರ್ಬೇಕು ಅಂದಿದ್ರಲ್ವಾ?"

"ಇವತ್ತು ಆಪರೇಷನ್ ಇಲ್ವಲ್ಲ ಮೇಡಂ."

"ಯಾರು ಹೇಳಿದ್ದು?"

ಅವನು ಬಿಸ್ಕತ್ತಿನ ಪೊಟ್ಟಣವನ್ನು ಕಿಸೆಗೆ ತುರುಕಿ, ಪಕ್ಕದಲ್ಲಿದ್ದ ಬ್ಯಾಗನ್ನು ಹತ್ತಿರ ಎಳೆದುಕೊಂಡ.

"ಬ್ಯಾಗಲ್ಲೇನಿದೆ?"

"ಮಗಳ ಬಟ್ಟೆ."

"ತೆಗೀರಿ."

ಅವನು ಬ್ಯಾಗನ್ನು ಇನ್ನಷ್ಟು ಅವುಚಿಕೊಂಡ. ಅಷ್ಟರಲ್ಲಿ ದೀಪಗಳು ಆರಿದವು. ಆ ತುದಿಯ ಕೋಣೆಯಲ್ಲಿ ಯಂತ್ರ ಕೀರಲಾಗಿ ಕೂಗತೊಡಗಿತು. ಇನ್‌ಸ್ಪೆಕ್ಟರ್ ಆ ಕಡೆ ಬೆರಳು ತೋರಿಸಿದಳು.

"ಕೇಳಿಸ್ತಾ? ಅಲ್ಲೊಂದು ಕೂಸಿದೆ. ಅದರ ಪಂಪಿಗೂ ಅದೇ ಹ್ಯಾಂಡಲ್ಲು!"

"ಇನ್ನೊಂದು ಕೂಸಾ?" ಅವನು ಬ್ಯಾಗನ್ನು ಮಂಚದ ಮೇಲೆ ಸುರಿದ. ಫ್ರಾಕಿನಲ್ಲಿ ಸುತ್ತಿದ್ದ ಹ್ಯಾಂಡಲ್ ಎಳೆದು ತೆಗೆದು, ಪೊಲೀಸರಿಗಿಂತ ಮುಂಚೆ ಅವನೇ ಓಡಿದ.

ತಂತ್ರಜ್ಞೆ ಕಸಿದುಕೊಂಡು ಪಂಪಿಗೆ ಸಿಕ್ಕಿಸಿ ತಿರುಗಿಸತೊಡಗಿದಳು. ಬ್ಯಾಟರಿ ಆಗಲೇ ಕೈಕೊಟ್ಟಿತ್ತು. ಗಾಜಿನ ಈಚೆ ನಿಂತ ಮೂವರೂ ತಿರುಗುವ ಹ್ಯಾಂಡಲನ್ನೇ ನೋಡುತ್ತಿದ್ದರು. ಹೊರಗೆ ಜನರೇಟರ್ ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹತ್ತಿಕೊಂಡಿತು. ದೀಪ ಬಂತು. ಕೂಸಿನ ತುಟಿ ಕೆಂಪಗೇ ಇತ್ತು.

"ಹ್ಯಾಂಡಲ್ಲು ಈಗ ಮುದ್ದೆಮಾಲು, ಸೀಲ್ ಮಾಡಿ ಸ್ಟೇಷನ್‌ಗೆ ಒಯ್ಯಬೇಕಲ್ವಾ ಮೇಡಂ?" ರೇಡಿಯೊ ಪಿಸುಗುಟ್ಟಿದ.

"ಜಪ್ತಿ ಪಂಚನಾಮೆ ಇಲ್ಲೇ ಬರಿ. ಮಾಲು ಆಸ್ಪತ್ರೆಯ ಸುಪರ್ದಿಗೆ. ಅದು ಇಲ್ಲಿಂದ ಕದಲಕೂಡದು."

ಹತ್ತೂವರೆಗೆ ಅಪ್ಪನನ್ನು ಬಂಧಿಸಲಾಯಿತು.

"ಆಪರೇಷನ್‌ಗೆ ಒಪ್ಪಿ ಸಹಿ ಹಾಕಿದ್ದು ನೀವೇ. ಬೇಡ ಅನ್ನಬಹುದಿತ್ತಲ್ಲ?"

"ಬೇಡ ಅಂದ್ರೆ ಅವಳು ಉಳಿಯಲ್ಲ ಅಂದ್ರು. ನಾನು ನೀರಿನ ಪಂಪು ರಿಪೇರಿ ಮಾಡೋನು ಮೇಡಂ. ಕೆಡದೇ ಇರೋ ಪಂಪನ್ನ ಇವತ್ತಿನವರೆಗೂ ಕಂಡಿಲ್ಲ. ಅವಳ ಎದೆ ನಿಲ್ಲಿಸಿ ಪಂಪನ್ನ ನಂಬಿ ಅಂದ್ರು. ಒಂದೇ ಒಂದು ದಿನ ಮುಂದೆ ಹೋಗ್ಲಿ ಅಂದ್ಕೊಂಡೆ. ಹೆದರಿಬಿಟ್ಟೆ."

ಇನ್‌ಸ್ಪೆಕ್ಟರ್ ಅದನ್ನು ಅವನ ಮಾತಿನಲ್ಲೇ ಬರೆಸಿದಳು. ರಿಪೇರಿಗೆ ಹೋದ ಹ್ಯಾಂಡಲ್ ಸಂಜೆಗೆ ಬರಲಿತ್ತು, ಆಪರೇಷನ್ ನಾಳೆಗೆ ಹೋಗಿತ್ತು. ಜೀಪು ಹತ್ತುವ ಮುಂಚೆ ಅವನು ಅಳುತ್ತ ನಿಂತ ಹೆಂಡತಿಯ ಕಡೆ ತಿರುಗಿ, ಕಿಸೆಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವಳ ಕೈಗಿಟ್ಟ.

"ಇದನ್ನ ಬಚ್ಚಿಡು. ನಾಳೆ ಬೆಳಿಗ್ಗೆ ಅವಳು ಎಷ್ಟೇ ಅತ್ರೂ ಕೊಡ್ಬೇಡ," ಎಂದ.