ಒಂದಿಂಚು ಬಿಗಿ

ಮೇಷ್ಟ್ರು ಆ ಗಾಯಕಿಯ ಕೈಚೀಲ ಹಿಡಿದುಕೊಂಡು ಮೆಟ್ಟಿಲ ಬಳಿ ನಿಂತಿದ್ದರು. ಅವಳು ನಗುತ್ತಾ ಅವರ ತೋಳಿಗೆ ಮೆಲ್ಲಗೆ ತಟ್ಟಿದಳು. ಬಾಗಿಲಲ್ಲಿದ್ದ ನನ್ನ ಬಾಯಲ್ಲಿ ನಾಲ್ಕು ಗುಂಡುಸೂಜಿಗಳಿದ್ದವು. ಇಲ್ಲದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ನಾನು ಒಪೆರಾ ಥಿಯೇಟರಿನಲ್ಲಿ ದರ್ಜಿ. ಮಾತಿನ ಬದಲು ಹಾಡಿನಲ್ಲೇ ಸಾಗುವ ಆ ನಾಟಕಗಳಿಗೆ ಉಡುಪು ಹೊಲಿಯುತ್ತೇನೆ; ಆ ಗಾಯಕಿ ಅವುಗಳ ನಾಯಕಿ. ಮೇಷ್ಟ್ರು ಎದುರು ರಸ್ತೆಯ ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ. ತಮ್ಮ ಮಕ್ಕಳು ಒಮ್ಮೆಯಾದರೂ ಒಪೆರಾ ಕೇಳಬೇಕೆಂದು ಎರಡು ತಿಂಗಳು ಮ್ಯಾನೇಜರ್ ಬೆನ್ನು ಬಿದ್ದು, ಶುಕ್ರವಾರದ ರಿಹರ್ಸಲ್ಲಿಗೆ ಅನುಮತಿ ಪಡೆದಿದ್ದರು. ಮ್ಯಾನೇಜರ್ ಸಿಗುವವರೆಗೆ ನನ್ನ ಕೋಣೆಯಲ್ಲೇ ಕಾಯುವುದು ವಾಡಿಕೆ. ಇಸ್ತ್ರಿ ಮೇಜಿನ ಮೇಲೆ ಕಾಫಿ ಲೋಟ ಇಡುವುದು, ನಾನು ಕಣ್ಣು ಬಿಟ್ಟರೆ ಎತ್ತಿಕೊಳ್ಳುವುದು, ನಾನು ತಲೆ ಬಗ್ಗಿಸಿದರೆ ಮತ್ತೆ ಅಲ್ಲೇ ಇಡುವುದು.

ಅಂದು ಮೆಟ್ಟಿಲ ಬಳಿಯಿಂದ ಕೋಣೆಗೆ ಬಂದಾಗ ನಾನೇ ಕೆಣಕಿದೆ. "ಈ ಕಾಲದ ಮಕ್ಕಳಿಗೆ ಇದೆಲ್ಲ ಯಾಕ್ರೀ? ಅರ್ಧ ನಿಮಿಷದ ವಿಡಿಯೋನೇ ಪೂರ್ತಿ ನೋಡಲ್ಲ ಅವು."

"ಇಷ್ಟಪಡ್ಲೇಬೇಕು ಅಂತ ನಾನೆಲ್ಲಿ ಹೇಳ್ದೆ? ಮೈಕ್ ಇಲ್ದೇನೇ ಒಬ್ಬ ಮನುಷ್ಯನ ಗಂಟಲು ಇಡೀ ಹಾಲ್ ತುಂಬುತ್ತೆ. ಅದು ಒಂದ್ಸಲ ಮೈಗೆ ತಟ್ಲಿ. ಆಮೇಲೆ ಬೇಡ ಅಂದ್ರೆ ಬೇಡ. ಕೇಳ್ದೇನೇ ಬೇಡ ಅನ್ನೋದು ಯಾವ ನ್ಯಾಯ?"

"ಮನುಷ್ಯನ ಗಂಟಲೋ, ಆಯಮ್ಮನ ಗಂಟಲೋ?"

ಅವರು ನಕ್ಕರು. "ಅವಳದ್ದೇ. ಎಂಥಾ ಉಸಿರು ಗೊತ್ತಾ ಅವಳದ್ದು!"

ಆ ಏಕವಚನ ಸೂಜಿಗಿಂತ ಆಳಕ್ಕಿಳಿಯಿತು. ನನ್ನನ್ನು ಅವರು ಇನ್ನೂ 'ನೀವು' ಎನ್ನುತ್ತಿದ್ದರು.

ಗುರುವಾರ ಗಾಯಕಿಯ ಗೌನು ನನ್ನ ಮೇಜಿಗೆ ಬಂತು. ಪಕ್ಕೆಗಳ ಹೊಲಿಗೆ ಬಿಚ್ಚಿ ಒಂದಿಂಚು ಒಳಗೆ ತೆಗೆದುಕೊಂಡೆ. ಯಾರಾದರೂ ಕೇಳಿದರೆ ಸಡಿಲವಾಗಿತ್ತು ಎನ್ನೋಣವೆಂದುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಶುಕ್ರವಾರ ಮೂವತ್ತು ಮಕ್ಕಳು ಬಂದರು. ಗುಸುಗುಸು, ಕಿಸಿಕಿಸಿ, ಕುರ್ಚಿಗಳು ಕಿರುಗುಟ್ಟುವ ಸದ್ದು. ಗಾಯಕಿ ಹಾಡಲು ಶುರುಮಾಡಿದ್ದೇ ತಡ, ಎಲ್ಲ ನಿಂತಿತು. ಸ್ವರ ಏರುತ್ತಾ ಹೋದಂತೆ ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಬಾಯಿ ಬಿಟ್ಟುಕೊಂಡು ಕೂತಳು. ತುತ್ತತುದಿಯಲ್ಲಿ ಸ್ವರ ಪಟ್ಟನೆ ಕಡಿಯಿತು. ಗಾಯಕಿ ಪಕ್ಕೆ ಹಿಡಿದುಕೊಂಡು ಕೆಮ್ಮಿದಳು. ಹಿಂದಿನಿಂದ ಯಾರೋ ಕೋಳಿಯಂತೆ ಕೂಗಿದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಮೇಷ್ಟ್ರು ಗದರಲಿಲ್ಲ. ಮಕ್ಕಳಿಗಾಗಿ ಬರೆದು ತಂದಿದ್ದ ಹಾಡಿನ ಅರ್ಥದ ಹಾಳೆಗಳನ್ನು ಸುಮ್ಮನೆ ಮಡಿಸತೊಡಗಿದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಕತ್ತರಿ ಹಿಡಿದು ವೇದಿಕೆಗೇ ನಡೆದುಬಿಟ್ಟೆ. "ತಪ್ಪು ಇವರದ್ದಲ್ಲ, ನಂದು. ಬೇಕಂತ್ಲೇ ಗೌನು ಬಿಗಿ ಮಾಡಿದ್ದೆ."

"ಯಾಕೆ ಆಂಟಿ?" ಎಂದಳು ಎರಡು ಜಡೆಯವಳು.

"ಹೊಟ್ಟೆಕಿಚ್ಚಿಗೆ."

ಗಾಯಕಿ ನನ್ನನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ಎಲ್ಲ ಅರ್ಥವಾದವಳಂತೆ ಕಣ್ಣು ಮುಚ್ಚಿದಳು. "ಬಯ್ಯೋದು ಆಮೇಲೆ. ಮೊದ್ಲು ಕತ್ತರಿಸಮ್ಮ, ಉಸಿರು ಕಟ್ತಿದೆ."

ಹೊಲಿಗೆ ಬಿಚ್ಚಿದೆ. ಅವಳು ಎದೆ ತುಂಬ ಉಸಿರೆಳೆದು ಮೊದಲಿನಿಂದ ಹಾಡಿದಳು. ಆರು ವರ್ಷ ಗೋಡೆಯಾಚೆಯಿಂದ ಕೇಳಿದ್ದ ಹಾಡನ್ನು ಅಂದು ನಾಲ್ಕಡಿ ದೂರದಲ್ಲಿ ನಿಂತು ಕೇಳಿದೆ. ನನ್ನ ತೋಳಿನ ಕೂದಲು ನಿಮಿರಿತು. ದ್ವೇಷಿಸುವುದಕ್ಕೂ ಆಗದಷ್ಟು ಚೆನ್ನಾಗಿ ಹಾಡಿದಳು ಮಹಾರಾಯ್ತಿ.

ಮ್ಯಾನೇಜರ್ ಒಂದು ವಾರ ಕೆಲಸಕ್ಕೆ ಬರಬೇಡ ಎಂದರು. ಸಾಮಾನು ಕಟ್ಟುತ್ತಿದ್ದಾಗ ಮೇಷ್ಟ್ರು ಬಂದರು.

"ಅವಳೂ ನಾನೂ ಮದ್ವೆ ಆಗ್ಬೇಕಿತ್ತು. ಆಗ್ಲಿಲ್ಲ. ಐದು ವರ್ಷ ಆಯ್ತು. ಈಗ ಬರೀ ಸ್ನೇಹ. ಕೇಳಿದ್ರೆ ಹೇಳ್ತಿದ್ನಲ್ಲ?"

"ಕೇಳೋಕೆ ನಾನ್ಯಾರು?"

"ಯಾರೂ ಅಲ್ದೇನೇ ಇಷ್ಟೊಂದು ಹೊಟ್ಟೆಕಿಚ್ಚಾ?"

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ನೀವಂದ್ರೆ ನಂಗಿಷ್ಟ," ಎಂದೆ.

ಅವರು ಬಾಗಿಲ ಕಡೆ ತಿರುಗಿದರು. "ಇವತ್ತು ನಂಗೆ ತುಂಬಾ ಕೋಪ ಬಂದಿದೆ. ಇಳೀಲಿ," ಎಂದು ಹೊರಟುಹೋದರು.

ಐದು ದಿನ ಮನೆಯಲ್ಲೇ ಕೂತೆ. ಗಾಯಕಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಹತ್ತು ನಿಮಿಷ ಚೆನ್ನಾಗಿ ಉಗಿದು, ಹೊಸ ಗೌನಿಗೆ ಅಳತೆ ಕೊಡಲು ಬರುತ್ತೇನೆ ಎಂದಳು. ಬುಧವಾರ ಬೆಲ್ ಆಯಿತು. ಬಾಗಿಲಲ್ಲಿ ಮೇಷ್ಟ್ರು.

"ಕೋಪ ಇಳೀತಾ?"

"ನಿನ್ನೇನೇ ಇಳೀತು. ಶರ್ಟ್ ಇಸ್ತ್ರಿ ಆಗಿರ್ಲಿಲ್ಲ, ಅದಕ್ಕೇ ಇವತ್ತು ಬಂದೆ."

ನನಗೆ ನಗು, ಅಳು ಒಟ್ಟಿಗೇ ಬಂತು. "ಮಕ್ಕಳು ಏನಂದ್ರು?"

"ಒಂಬತ್ತು ಜನ ಮತ್ತೆ ಬರ್ತೀವಿ ಅಂದ್ರು. ಉಳಿದೋರು, ಹಾಡಿಗಿಂತ ಟೈಲರ್ ಆಂಟಿ ಜಗಳಾನೇ ಚೆನ್ನಾಗಿತ್ತು ಅಂದ್ರು." ಅವರು ಗಂಟಲು ಸರಿಮಾಡಿಕೊಂಡರು. "ನಂಗೂ ನೀವಂದ್ರೆ ಇಷ್ಟ. ಮುಂದಿನ ತಿಂಗಳು ಆ ಒಂಬತ್ತು ಜನರನ್ನ ಕರ್ಕೊಂಡು ಬರ್ತಿದೀನಿ. ನನ್ನ ಪಕ್ಕ ಕೂತು ಕೇಳ್ತೀರಾ?"

"ಅವಳೇ ಹಾಡ್ತಾಳಾ?"

"ಅವಳೇ."

ಅವರ ಕೈ ಆಗಲೇ ನನ್ನ ಕೈ ಹಿಡಿದಿತ್ತು; ನಾನೂ ಬಿಗಿಯಾಗಿ ಹಿಡಿದುಕೊಂಡೆ.

"ಬರ್ತೀನಿ. ಆದ್ರೆ ನೀವು ಕಣ್ಣು ಮುಚ್ಕೊಂಡು ಕೇಳ್ಬೇಕು."