ಹಲಸಿನ ಹಿಡಿಯ ಏರ್‌ಗನ್

ಬುಧವಾರ ಬೆಳಿಗ್ಗೆ ಮೋಹನ್ ಕಡೂರಿನ ತನ್ನ ಮನೆಯ ಮುಂದೆ ಯೆಜ್ಡಿ ಬೈಕನ್ನು ಒರೆಸುತ್ತಿದ್ದಾಗ ಅಜ್ಜಂಪುರದ ಬಸ್ಸಿಳಿದು ಕರಿಯಮ್ಮ ಬಂದಳು. ಕರಿಯಮ್ಮನ ಗಂಡ ಸಿದ್ದಪ್ಪ ಅಜ್ಜಂಪುರದಲ್ಲಿ ಮೆಕ್ಯಾನಿಕ್. ಮೋಹನನ ಯೆಜ್ಡಿಗೆ ಮೂವತ್ತು ವರ್ಷಗಳಿಂದ ಅವನೇ ವೈದ್ಯ. ಸರ್ಕಾರಿ ಬಸ್ ಓಡಿಸಿ ನಿವೃತ್ತನಾದ ಮೋಹನ್ ತನ್ನ ಮೈಗೆ ಜ್ವರ ಬಂದರೆ ಕಷಾಯ ಕುಡಿದು ಮಲಗುತ್ತಿದ್ದ, ಬೈಕು ಕೆಮ್ಮಿದರೆ ಮಾತ್ರ ಮೂವತ್ತು ಕಿಲೋಮೀಟರ್ ದೂರದ ಸಿದ್ದಪ್ಪನ ಶೆಡ್ಡಿಗೆ ಓಡುತ್ತಿದ್ದ.

"ಮೋಹನಣ್ಣ, ನಮ್ಮನೆಯೋರು ಮೂರು ದಿನದಿಂದ ಶೆಡ್ಡಿನ ಬಾಗ್ಲು ತೆಗ್ದಿಲ್ಲ, ಅನ್ನನೂ ನೆಟ್ಟಗೆ ಮುಟ್ಟಿಲ್ಲ," ಎಂದು ಕರಿಯಮ್ಮ ಜಗಲಿಯ ಮೇಲೆ ಕುಸಿದಳು. "ಷಣ್ಮುಖಪ್ಪಾರು ಎಲ್ರ ಮುಂದೆ ಕಳ್ಳ ಅಂದ್ಬಿಟ್ರು. ಸೋಮವಾರದೊಳ್ಗೆ ಬಂದೂಕ ಬರ್ದಿದ್ರೆ ಪೊಲೀಸ್‌ಗೆ ಕೊಡ್ತಾರಂತೆ. ನಿಮ್ ಪಕ್ಕದ್ಮನೆ ಅಕ್ಕಾರು ಇಂಥದ್ನೆಲ್ಲಾ ಹುಡುಕ್ತಾರಂತಲ್ಲ, ಒಂದ್ ಮಾತು ಹೇಳಣ್ಣ."

ಪಕ್ಕದ ಮನೆಯ ಅಕ್ಕ ಎಂದರೆ ಸುಲೋಚನಮ್ಮ. ಬೀರೂರು ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದವರು. ಮೂಟೆ ಮುಟ್ಟಿ ನೋಡಿಯೇ ಒಳಗೇನಿದೆ ಎಂದು ಹೇಳುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಕಡೂರಿನಲ್ಲಿ ಕಳೆದ ಸರದಿಂದ ಹಿಡಿದು ಓಡಿಹೋದ ಅಳಿಯನವರೆಗೆ ಹಲವರನ್ನೂ ಹಲವನ್ನೂ ಪತ್ತೆ ಹಚ್ಚಿದ್ದರು. ಅವರ ತಲೆಗೆ ಮೋಹನನ ಯೆಜ್ಡಿಯೇ ಕಾಲು.

ಸುಲೋಚನಮ್ಮ ಕರಿಯಮ್ಮನಿಗೆ ಕಾಫಿ ಕೊಟ್ಟು, ಪೂರ್ತಿ ಕುಡಿಯುವವರೆಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ, "ಮೊದಲಿಂದ ಹೇಳಮ್ಮ, ಅಳಬೇಡ," ಎಂದರು.

ಷಣ್ಮುಖಪ್ಪ ಅಜ್ಜಂಪುರದ ಕೊಬ್ಬರಿ ವ್ಯಾಪಾರಿ. ಹಳೆಯ ಏರ್‌ಗನ್ನುಗಳೆಂದರೆ ಪ್ರಾಣ. ಒಟ್ಟು ಹನ್ನೊಂದನ್ನು ನಡುಮನೆಯ ಗೋಡೆಗೆ ಸಾಲಾಗಿ ತೂಗುಹಾಕಿದ್ದರು. ಅದರಲ್ಲಿ ಒಂದು ಜರ್ಮನಿಯದು, ಉಳಿದವುಗಳಿಗಿಂತ ಗೇಣುದ್ದ ಕುಳ್ಳ. ತೀರಿಕೊಂಡ ಅವರ ಅಣ್ಣ ತಂದದ್ದು. ಅದರ ಮೂಲ ಮರ ಎಂದೋ ಮುರಿದು, ಈಗಿದ್ದದ್ದು ಹಲಸಿನ ಹಿಡಿ. ಭಾನುವಾರ ಹಳೇ ಬೈಕಿನ ಗೆಳೆಯರನ್ನೆಲ್ಲ ಊಟಕ್ಕೆ ಕರೆದಿದ್ದರು. ಊಟ ಮುಗಿಯುವಷ್ಟರಲ್ಲಿ ಆ ಕುಳ್ಳ ಬಂದೂಕು ತೂಗುತ್ತಿದ್ದ ಮೊಳೆ ಖಾಲಿ. ಗೇಟು ಹಾಕಿಸಿ ಎಲ್ಲರ ಚೀಲ ನೋಡಿದರು, ಮನೆಯೆಲ್ಲ ಜಾಲಾಡಿದರು. ಹಿತ್ತಿಲಿನ ತೆಂಗಿನ ಸಿಪ್ಪೆಯ ರಾಶಿಯಲ್ಲಿ ಹಲಸಿನ ಹಿಡಿ ಮಾತ್ರ ಸಿಕ್ಕಿತು. ಕಬ್ಬಿಣದ ಭಾಗ ಮಾಯ.

"ಸಿದ್ದಪ್ಪನ ಮೇಲೆ ಯಾಕೆ ಅನುಮಾನ?" ಎಂದರು ಸುಲೋಚನಮ್ಮ.

"ಯಾರ್ದೋ ಬುಲೆಟ್‌ಗೆ ಕ್ಲಚ್ ವೈರ್ ಬೇಕು ಅಂದ್ರು, ಇವ್ರು ಮಧ್ಯದಲ್ಲಿ ಶೆಡ್ಡಿಗೆ ಹೋಗಿ ಬಂದ್ರು. ಗೇಟು ದಾಟಿದ್ದು ಇವ್ರೊಬ್ರೇ ಅಂತೆ. ಸ್ಕ್ರೂ ಬಿಚ್ಚೋಕೆ ಬರೋದೂ ಇವ್ರಿಗೇ ಅಂತೆ. ಇಬ್ರೂ ಒಂದೇ ಬೆಂಚಲ್ಲಿ ಓದಿದೋರು ಕಣಕ್ಕ. ಆ ಹಿಡಿ ಕೆತ್ತಿದ್ದೂ ನಮ್ಮನೆಯೋರೇ."

ಆ ಕೊನೆಯ ಮಾತಿಗೆ ಸುಲೋಚನಮ್ಮ ತಲೆಯೆತ್ತಿದರು. ಮೋಹನನಿಗೆ ಮಾತ್ರ ತಾನು ಅಲ್ಲಿರಲಿಲ್ಲವಲ್ಲ ಎಂದು ಬೇಸರವಾಯಿತು. ಅವತ್ತು ಚೌಳಹಿರಿಯೂರಿನಲ್ಲಿ ಮೊಮ್ಮಗುವಿನ ನಾಮಕರಣವಿಲ್ಲದಿದ್ದರೆ ಅವನೂ ಆ ಊಟದಲ್ಲಿರುತ್ತಿದ್ದ, ಸಿದ್ದಪ್ಪನ ಪರ ಒಂದು ಮಾತಾದರೂ ಆಡುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಅಜ್ಜಂಪುರದಲ್ಲಿದ್ದರು. ಷಣ್ಮುಖಪ್ಪ ಬಿಗಿದ ಮುಖದಲ್ಲೇ ಒಳಗೆ ಕರೆದರು. "ನೋಡಿ, ಕಂಡಿದ್ದನ್ನ ಹೇಳಿದೀನಿ. ಎಲ್ರ ಮನೆ ದೋಸೇನೂ ತೂತೇ, ಸ್ನೇಹಿತ ಅಂದ್ಮೇಲೆ ಕಳ್ಳ ಅಲ್ಲ ಅಂತ ಎಲ್ಲಿದೆ?" ಎಂದರು. ಆದರೆ ಮಡಿಲಲ್ಲಿಟ್ಟುಕೊಂಡಿದ್ದ ಆ ಹಲಸಿನ ಹಿಡಿಯನ್ನು ಅವರು ಸವರುತ್ತಲೇ ಇದ್ದುದನ್ನು ಮೋಹನ್ ಗಮನಿಸಿದ.

ಅವರ ಹೆಂಡತಿ ದಾಕ್ಷಾಯಣಮ್ಮನ ಬಾಯಿ ಗಂಡನಿಗಿಂತ ಸಡಿಲ. ಅವರು ಹೇಳಿದಂತೆ, ಭಾನುವಾರ ಮೊದಲ ಪಂಕ್ತಿಯಲ್ಲಿ ಅತಿಥಿಗಳೆಲ್ಲ ಉಂಡರು, ಎರಡನೆಯದರಲ್ಲಿ ಸಿದ್ದಪ್ಪನೂ ಮನೆಯವರೂ. ಆಗ ಅತಿಥಿಗಳು ಅಂಗಳದಲ್ಲಿ ಎಲೆಅಡಿಕೆ ಹಾಕುತ್ತ, ಹಿತ್ತಿಲಿನ ನೆರಳಿನಲ್ಲಿ ನಿಲ್ಲಿಸಿದ್ದ ಬೈಕುಗಳ ಹತ್ತಿರ ಹೋಗಿ ಬಂದು ಮಾಡುತ್ತಿದ್ದರು. "ಮೂರು ಬುಲೆಟ್ಟು, ಒಂದು ಯೆಜ್ಡಿ. ಯೆಜ್ಡಿ ತರೀಕೆರೆ ಓಂಕಾರೇಶಂದು. ಪಾಪ, ಅವನ ಗಾಡಿನೂ ಅವತ್ತೇ ಕೆಡಬೇಕೇ? ರಿಪೇರಿ ಮಾಡೋನ್ನ ಬೈದು ಕಳ್ಸಿದ್ವಲ್ಲ, ಬಿಸಿಲಲ್ಲಿ ಸರ್ಕಲ್‌ತನಕ ತಳ್ಕೊಂಡೇ ಹೋದ. ಬಿಳೀ ಷರ್ಟು ಒದ್ದೆ ಆಗೋಗಿತ್ತು."

ದಾಕ್ಷಾಯಣಮ್ಮನ ಮೊಮ್ಮಗಳು ಗಗನಾ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಆ ಭಾನುವಾರ ಬೆಳಿಗ್ಗೆ ಬಂದಾಗ ಓಂಕಾರೇಶ್ ಕಾಲು ಮುಟ್ಟಿಸದೆ, ಕಿಕ್ಕರನ್ನು ಕೈಯಲ್ಲೇ ಒತ್ತಿ ಬೈಕ್ ಸ್ಟಾರ್ಟ್ ಮಾಡುತ್ತಿದ್ದ. ಹಿಂದಿನ ಎರಡೂ ಸೈಲೆನ್ಸರುಗಳಿಂದ ನೀಲಿ ಹೊಗೆ ಒಂದೇ ಸಮ ಬಂತು. "ನಾಟಿ ಹಸು ಕರುನ ಕರೆದ ಹಾಗೆ, ಎಷ್ಟು ಮೃದು ಸದ್ದು!" ಎಂದು ಮೋಹನ್ ಬಾಯಿ ಚಪ್ಪರಿಸಿದ. ಬಂದ ಕೆಲಸ ಮರೆತು ಮೂರು ಸಲ ನೋಡಿದ. ಸುಲೋಚನಮ್ಮ ನಕ್ಕು, "ನೋಡು ನೋಡು, ಚೆನ್ನಾಗಿ ಕೇಳಿಸ್ಕೋ," ಎಂದರು.

ಹಿತ್ತಿಲಿನಲ್ಲಿ ಸಿಪ್ಪೆಯ ರಾಶಿಯ ಪಕ್ಕ ಒಂದು ಡ್ರಮ್ಮಿನ ತುಂಬ ಗುಜರಿ ಕಬ್ಬಿಣವಿತ್ತು. ಸುಲೋಚನಮ್ಮ ಅದರೊಳಗಿನಿಂದ ಮೊಣಕೈಯುದ್ದದ ಒಂದು ಕೊಳವೆಯನ್ನು ಎತ್ತಿದರು. ಮೈತುಂಬ ತೂತು, ಕಪ್ಪು ಮಸಿ. ಬೆರಳಿಗೆ ಮಸಿ ಹಸಿಯಾಗಿ, ಎಣ್ಣೆ ಎಣ್ಣೆಯಾಗಿ ಅಂಟಿತು. ಗುಜರಿಯ ಉಳಿದದ್ದಕ್ಕೆಲ್ಲ ಒಣ ತುಕ್ಕು.

"ಹಳೇ ಬೈಕಿನ ಮನೆ ಅಂದ್ಮೇಲೆ ಇಂಥದ್ದು ಬಿದ್ದಿರುತ್ತೆ ಬಿಡಿ ಅಕ್ಕ," ಎಂದ ಮೋಹನ್.

"ಬಿದ್ದಿರುತ್ತೆ," ಎಂದು ಅವರು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಆಮೇಲೆ ಸರ್ಕಲ್ಲಿಗೆ ಹೋಗಿ ಲಗೇಜ್ ಆಟೋ ಓಡಿಸುವ ರಘುವನ್ನು ಮಾತಾಡಿಸಿದರು. ಓಂಕಾರೇಶನ ಬೈಕನ್ನು ತರೀಕೆರೆಗೆ ಸಾಗಿಸಿದವನು ಅವನೇ. "ಸ್ವಲ್ಪ ತಳ್ಳಿ ಗೇರ್ ಬಿಟ್ರೆ ಸ್ಟಾರ್ಟ್ ಆಯ್ತದೆ ಸಾರ್ ಅಂತ ಹ್ಯಾಂಡಲ್ ಹಿಡಿದೆ ಕಣಮ್ಮ. ಎಳೇ ಮಗೀನ ಮುಟ್ಟಿದಂಗೆ ಕೈ ಕಿತ್ತಾಕಿದ್ರು. ಮೆಕ್ಯಾನಿಕ್ ಹತ್ರ ಬಿಡ್ಲಾ ಅಂದ್ರೆ, ಬ್ಯಾಡ, ಮನೆಗೇ ಹೊಡಿ ಅಂದ್ರು."

ಕಡೂರಿಗೆ ಹೊರಡುವ ಮೊದಲು ಸುಲೋಚನಮ್ಮ ಮತ್ತೆ ಷಣ್ಮುಖಪ್ಪನ ಮನೆಗೆ ಹೋಗಿ, ಊಟಕ್ಕೆ ಬಂದಿದ್ದವರನ್ನೆಲ್ಲ ಈ ಭಾನುವಾರ ಮತ್ತೆ ಕರೆಯಿರಿ, ಬೈಕಿನಲ್ಲೇ ಬರಲಿ ಎಂದು ಹೇಳಿದರು. ಸಿದ್ದಪ್ಪನಿಗೂ ಹೇಳಿಕಳಿಸಿದರು. ಅವನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದ. ಕರಿಯಮ್ಮ ಬರುತ್ತೇನೆ ಎಂದಳು.

ಭಾನುವಾರ ಬಂತು. ಮೂರು ಬುಲೆಟ್ಟುಗಳು ಅಂಗಳಕ್ಕೆ ಬಂದು ನಿಂತವು. ಕೊನೆಗೆ ಓಂಕಾರೇಶನ ಯೆಜ್ಡಿ ಬೀದಿಯ ತಿರುವಿನಲ್ಲಿ ಕೇಳಿಸಿದಾಗ ಮೋಹನ್ ಹುಬ್ಬು ಗಂಟಿಕ್ಕಿದ. ಸದ್ದು ಒಡೆದಿತ್ತು. ಒಂದು ಮಗ್ಗುಲಿನಿಂದ ತಮಟೆ ಬಡಿದಂತೆ ಬರುತ್ತಿತ್ತು. ಓಂಕಾರೇಶ್ ಐವತ್ತರ ಸುಮಾರಿನ ಹಾರ್ಡ್‌ವೇರ್ ವ್ಯಾಪಾರಿ, ನಯವಾದ ಮಾತಿನವನು. ಇಳಿದವನೇ ಕರಿಯಮ್ಮನಿಗೆ ಕೈಮುಗಿದು, "ನಿಮ್ಮ ಮನೆಯವ್ರು ಹಾಗೆ ಮಾಡೋರಲ್ಲ ತಾಯಿ," ಎಂದ.

"ಹೌದು, ಮಾಡೋರಲ್ಲ," ಎಂದರು ಸುಲೋಚನಮ್ಮ. "ಯಾಕೆ ಅಂತ ಹೇಳ್ತೀನಿ, ಎಲ್ರೂ ಕೂತ್ಕೊಳಿ."

ಎಲ್ಲರೂ ಅಂಗಳದ ಕುರ್ಚಿಗಳಲ್ಲಿ ಕುಳಿತರು.

"ಕಳ್ಳ ಕಬ್ಬಿಣ ಇಟ್ಕೊಂಡು ಮರ ಬಿಸಾಕಿದಾನೆ. ಆ ಮರ ಕೆತ್ತಿದ್ದು ಸಿದ್ದಪ್ಪ. ಕೈಯಾರೆ ಮಾಡಿದ್ದನ್ನ ಸಿಪ್ಪೆ ರಾಶಿಗೆ ಎಸೀತಾನೆಯೇ? ಅದು ಸಾಕ್ಷಿಯಲ್ಲ, ಒಪ್ತೀನಿ. ಆದ್ರೆ ಕಳ್ಳನ ಬುದ್ಧಿ ಗೊತ್ತಾಯ್ತು. ಹಲಸಿನ ಹಿಡಿ ಒರಿಜಿನಲ್ ಅಲ್ಲ, ಅದಕ್ಕೆ ಬೆಲೆಯಿಲ್ಲ ಅನ್ನೋ ಮನುಷ್ಯ. ಅಂದ್ರೆ ಅವನೂ ಸಂಗ್ರಹ ಮಾಡೋನೇ. ಸ್ಕ್ರೂ ಡ್ರೈವರ್ ಇಲ್ದೆ ಹಳೇ ಬೈಕ್ ಓಡ್ಸೋರು ನಿಮ್ಮಲ್ಲಿ ಯಾರಿದ್ದೀರಿ? ಹಾಗಾಗಿ ಸ್ಕ್ರೂ ಬಿಚ್ಚಿದ್ದು ಸಿದ್ದಪ್ಪನೇ ಅನ್ನೋ ಮಾತೂ ಬಿತ್ತು."

"ಆದ್ರೆ ಗೇಟಿನಾಚೆ ಹೋಗಿದ್ದು ಹೇಗೆ? ಚೀಲ ಎಲ್ಲಾ ನೋಡಿದ್ವಲ್ಲ," ಎಂದರು ಷಣ್ಮುಖಪ್ಪ.

"ಚೀಲ ನೋಡಿದ್ರಿ. ಮೋಹನಾ, ನಿನ್ನ ಗಾಡಿ ಎಡಗಡೆ ಸೈಲೆನ್ಸರ್ ತುದಿ ಬೋಲ್ಟ್ ಬಿಚ್ಚಪ್ಪ."

ಮೋಹನ್ ಬೆವರುತ್ತ ಬಿಚ್ಚಿದ. ಎಳೆದಾಗ ಒಳಗಿನಿಂದ ಮೊಣಕೈಯುದ್ದದ, ತೂತು ತೂತಿನ ಕಪ್ಪು ಕೊಳವೆ ಬಂತು. ಸುಲೋಚನಮ್ಮ ಪೇಪರ್ ಬಿಚ್ಚಿ, ಗುಜರಿಯಲ್ಲಿ ಸಿಕ್ಕಿದ್ದನ್ನು ಪಕ್ಕದಲ್ಲಿಟ್ಟರು. ಎರಡೂ ಅವಳಿಜವಳಿ. ಮೋಹನನಿಗೆ ನಾಚಿಕೆಯಾಯಿತು. ಮೂವತ್ತು ವರ್ಷ ಬೈಕಿನ ಮೇಲೆ ಕುಳಿತಿದ್ದ, ಅದರ ಹೊಟ್ಟೆಯಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ತೊಳೆಯುವುದೆಲ್ಲ ಸಿದ್ದಪ್ಪನ ಪಾಲಿಗೆ ಬಿಟ್ಟಿದ್ದ.

"ಸದ್ದು ತಗ್ಗಿಸೋ ಒಳಕೊಳವೆ ಇದು. ಇದನ್ನ ತೆಗೆದ್ರೆ ಉದ್ದಕ್ಕೂ ಖಾಲಿ ಜಾಗ. ಪಾರ್ಸಲ್ ಆಫೀಸಲ್ಲಿ ಬೈಕು ಬುಕ್ ಮಾಡೋರು ಇದರಲ್ಲಿ ಏನೇನು ತುರುಕ್ತಿದ್ರು ಅಂತ ನನಗ್ಗೊತ್ತು. ಮರ ಬಿಚ್ಚಿದ ಕುಳ್ಳ ಬಂದೂಕು ಇದರೊಳಗೆ ಆರಾಮಾಗಿ ಮಲಗುತ್ತೆ. ಉಳಿದ ಹತ್ತರಲ್ಲಿ ಒಂದೂ ಹಿಡಿಸಲ್ಲ. ಗುಜರೀಲಿದ್ದ ಕೊಳವೆಗೆ ಹಸಿ ಎಣ್ಣೆ ಮಸಿ. ಪೆಟ್ರೋಲ್ ಜೊತೆ ಆಯಿಲ್ ಕುಡಿಯೋ ಯೆಜ್ಡಿಗೆ ಮಾತ್ರ ಆ ಥರ ಮಸಿ ಕಟ್ಟೋದು, ಬುಲೆಟ್‌ಗಲ್ಲ. ಅವತ್ತು ಇಲ್ಲಿದ್ದ ಯೆಜ್ಡಿ ಒಂದೇ."

ಎಲ್ಲರ ಕಣ್ಣೂ ಓಂಕಾರೇಶನ ಕಡೆ ತಿರುಗಿದವು.

"ಕೈಯಲ್ಲಿ ಒತ್ತಿದ್ರೆ ಸ್ಟಾರ್ಟ್ ಆಗೋ ಗಾಡಿಯನ್ನ ನೀವು ಬಿಸಿಲಲ್ಲಿ ತಳ್ಳಿದ್ರಿ, ಓಂಕಾರೇಶ್. ಬರೀ ಕಳ್ಳ ಆಗಿದ್ರೆ ಒಂದು ಕಿಕ್ ಹೊಡೆದು ಹೋಗಿರ್ತಿದ್ದ, ನಮಗೆ ಏನೂ ತಿಳೀತಿರಲಿಲ್ಲ. ಸ್ಟಾರ್ಟ್ ಮಾಡಿದ್ರೆ ಬಿಸಿಗೂ ಮಸಿಗೂ ಬಂದೂಕು ಹಾಳಾಗುತ್ತೆ ಅಂತ ನಿಮಗೆ ಮನಸ್ಸು ಬರಲಿಲ್ಲ. ನಿಮ್ಮನ್ನ ಹಿಡಿದುಕೊಟ್ಟಿದ್ದು ನಿಮ್ಮ ಪ್ರೀತಿನೇ."

"ಪ್ಲಗ್ ಹೋಗಿತ್ತಮ್ಮ, ಇದೆಲ್ಲ ಊಹೆ," ಎಂದ ಓಂಕಾರೇಶ್.

"ಹಾಗಾದ್ರೆ ನಿಮ್ಮ ಎಡ ಸೈಲೆನ್ಸರ್ ಯಾಕೆ ಕಿರುಚ್ತಿದೆ? ಇವತ್ತು ಬಂದಾಗ ಮೋಹನ್ ಮುಖ ನೋಡಿದೆ. ಇವನ ಕಿವಿ ಸುಳ್ಳು ಹೇಳಲ್ಲ. ಡೂಪ್ಲಿಕೇಟ್ ಕೊಳವೆ ತರೀಕೆರೇಲೇ ಸಿಗುತ್ತೆ, ಹಾಕ್ಸಿದ್ರೆ ಮುಗೀತಿತ್ತು. ಡೂಪ್ಲಿಕೇಟ್ ಹಾಕೋ ಪೈಕಿ ಅಲ್ಲ ನೀವು. ಬಿಚ್ಚಿ ನೋಡೋಣವೇ? ಖಾಲಿ ಇಲ್ದಿದ್ರೆ ಎಲ್ರ ಮುಂದೆ ನಿಮ್ಮ ಕಾಲು ಹಿಡೀತೀನಿ."

ಮೋಹನ್ ಸ್ಪ್ಯಾನರ್ ಹಿಡಿದು ಎದ್ದ. ಓಂಕಾರೇಶ್ ಕೈಯೆತ್ತಿ ತಡೆದ. ಷಣ್ಮುಖಪ್ಪನ ಕಡೆ ತಿರುಗಿ ಹೇಳಿದ: "ಅದೇ ಥರದ ಇನ್ನೊಂದು ಬಂದೂಕಿನ ಒರಿಜಿನಲ್ ಮರ ನನ್ನ ಹತ್ರ ಇದೆ. ಇಪ್ಪತ್ತು ವರ್ಷದಿಂದ ಬರೀ ಮರ. ಮೂರು ಸಲ ಕೇಳಿದೆ, ಷಣ್ಮುಖಣ್ಣ ಕೊಡಲಿಲ್ಲ. ಎರಡನ್ನೂ ಒಂದಾಗಿ ನೋಡಬೇಕಿತ್ತು. ನಾಳೆ ತಂದುಕೊಡ್ತೀನಿ."

"ನಿನ್ ಬಂದೂಕ ನೋಡೋ ಆಸೆಗೆ ನಮ್ಮನೆಯೋರು ಕಳ್ಳ ಆಗ್ಬೇಕಿತ್ತಾ?" ಎಂದು ಕರಿಯಮ್ಮ ಎದ್ದು ನಿಂತಳು. ಓಂಕಾರೇಶ್ ಬೈಕು ಹತ್ತಿ, ಆ ಒಡಕು ಸದ್ದಿನಲ್ಲೇ ಹೋದ.

ಷಣ್ಮುಖಪ್ಪ ಕರಿಯಮ್ಮನಿಗೆ ಕೈಮುಗಿದರು. "ತಪ್ಪಾಯ್ತಮ್ಮ. ಸಿದ್ದಂಗೆ ಹೇಳು."

"ನಾನ್ಯಾಕೆ ಹೇಳ್ಲಿ? ಕಳ್ಳ ಅಂದಿದ್ದು ಹತ್ತು ಜನರ ಮುಂದೆ. ಈಗ ಅದು ಊರೆಲ್ಲ ಆಗೈತೆ. ತಪ್ಪಾಯ್ತು ಅನ್ನೋದೂ ಊರೆಲ್ಲ ಕೇಳ್ಬೇಕು."

ಸಂತೆಯ ದಿನ, ಜನ ಕಿಕ್ಕಿರಿದ ಹೊತ್ತಿನಲ್ಲಿ, ಷಣ್ಮುಖಪ್ಪ ಸಿದ್ದಪ್ಪನ ಶೆಡ್ಡಿನ ಮುಂದೆ ನಿಂತರು. ಕೈಯಲ್ಲಿ ಓಂಕಾರೇಶ್ ತಂದುಕೊಟ್ಟ ಕಬ್ಬಿಣವೂ ಹಲಸಿನ ಹಿಡಿಯೂ ಬೇರೆ ಬೇರೆಯಾಗಿದ್ದವು. ಸುಲೋಚನಮ್ಮನೂ ಮೋಹನನೂ ಎದುರಿನ ಹೋಟೆಲ್ ಕಟ್ಟೆಯ ಮೇಲಿದ್ದರು. "ಸಿದ್ದಪ್ಪ ಕಳ್ಳ ಅಲ್ಲ. ನಾನು ಸುಳ್ಳು ಹೇಳಿದೆ. ತಪ್ಪು ನಂದು," ಎಂದು ಷಣ್ಮುಖಪ್ಪ ಗಟ್ಟಿಯಾಗಿ ಹೇಳಿದರು. ತರಕಾರಿ ಕೊಳ್ಳುತ್ತಿದ್ದವರು ನಿಂತು ಕೇಳಿದರು.

ಸಿದ್ದಪ್ಪ ಕೈ ಒರೆಸಿಕೊಂಡು ಹೊರಗೆ ಬಂದ. "ಆಯ್ತು ಬುಡಿ ಸಾವ್ಕಾರ್ರೇ. ಜೋಡ್ಸಿ ಕೊಡ್ತೀನಿ, ನಾಳೆ ಬನ್ನಿ."

ಶಾಲೆಯ ದಿನಗಳಿಂದ ಅವನು ಅವರನ್ನು ಷಣ್ಮುಖ ಎಂದೇ ಕರೆದವನು. ಸಾಹುಕಾರರೇ ಎಂಬ ಮಾತು ಷಣ್ಮುಖಪ್ಪನ ಕೆನ್ನೆಗೆ ಹೊಡೆದಂತಿತ್ತು. "ಹೆಸರು ಹಿಡಿದು ಕರೆಯೋ ಸಿದ್ದ," ಎಂದರು.

"ಬಾಯಿಗೆ ಬತ್ತಿಲ್ಲ," ಎಂದ ಸಿದ್ದಪ್ಪ. ಅದರಲ್ಲಿ ಕೋಪವಿರಲಿಲ್ಲ, ನೋವಿತ್ತು.

"ಬರೋತನಕ ದಿನಾ ಬತ್ತೀನಿ."

ಬಂದರು. ದಿನವೂ ಬೆಳಿಗ್ಗೆ ಬಂದು, ಶೆಡ್ಡಿನ ಮೂಲೆಯಲ್ಲಿ ಹಳೇ ಟೈರಿನ ಮೇಲೆ ಕುಳಿತು, ಒಂದು ಲೋಟ ಟೀ ಕುಡಿದು ಹೋದರು. ಸಿದ್ದಪ್ಪ ಬನ್ನಿ, ಹೋಗಿ ಎನ್ನುತ್ತಲೇ ಇದ್ದ. ಊರಿನವರು ನಕ್ಕರೂ ಅವರು ಬಿಡಲಿಲ್ಲ. ಹದಿಮೂರನೆಯ ದಿನ ಮೋಹನ್ ತನ್ನ ಯೆಜ್ಡಿಯ ಸೈಲೆನ್ಸರ್ ತೊಳೆಯುವುದನ್ನು ಕಲಿಯಲೆಂದು ಅಲ್ಲಿಗೆ ಹೋಗಿದ್ದ. ಸಿದ್ದಪ್ಪ ಬೈಕಿನ ಕೆಳಗೆ ಮಲಗಿ ಯಾವುದೋ ನಟ್ಟಿನೊಂದಿಗೆ ಗುದ್ದಾಡುತ್ತಿದ್ದ. ಎರಡು ಕೈಯೂ ಗ್ರೀಸು. ತಲೆಯೆತ್ತದೆ ಕೈ ಮಾತ್ರ ಹೊರಗೆ ಚಾಚಿದ.

"ಲೇ ಷಣ್ಮುಖ, ಆ ಹದಿನಾಲ್ಕರ ಸ್ಪ್ಯಾನರ್ ಕೊಡೋ."