ಬೊಟ್ಟಿಲ್ಲದ ಫ್ಲಾಪಿ

ಫ್ಲಾಪಿ ತೆರೆಯಲಿಲ್ಲ. ಸೇಲಂನ ನಮ್ಮ ಲ್ಯಾಬಿನ ಕಂಪ್ಯೂಟರ್ ಎರಡು ಸಲ ಕರಕರ ಎಂದು ಸುಮ್ಮನಾಯಿತು. 

ಅದರಲ್ಲಿದ್ದದ್ದು ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ಅಶ್ವತ್ಥನ ಮೂರು ವರ್ಷ. ಗಟ್ಟಿ ಹರಳಿನೊಳಗೆ ಅಯಾನುಗಳು ಬಿರುಸಾಗಿ ಓಡಾಡಿದರೆ ಹರಳಿನ ಬಿಗುವು ಎಷ್ಟು ಸಡಿಲವಾಗುತ್ತದೆ? ಅದನ್ನು ಕಂಪ್ಯೂಟರಿನಲ್ಲೇ ಆಡಿಸಿ ನೋಡಿದ್ದ. ೧೯೯೬ರ ಆಗಸ್ಟಿನಲ್ಲಿ ಕಾಮಾಲೆ ಅವನನ್ನು ಕೊಂಡೊಯ್ದಿತು. ನವೆಂಬರ್ ಕೊನೆಯೊಳಗೆ ಆ ಅಂಕಿಗಳನ್ನು ಒಪ್ಪಿಸಿದರೆ ಸತ್ತವನ ಹೆಸರಿಗೂ ಡಾಕ್ಟರೇಟ್ ಸಿಗುತ್ತಿತ್ತು. ಬೇರೆ ಪ್ರತಿ ಇಲ್ಲ—ಅವನ ಕಂಪ್ಯೂಟರನ್ನು ಅಳಿಸಿ ಲ್ಯಾಬಿನ ಇನ್ನೊಬ್ಬ ವಿದ್ಯಾರ್ಥಿ ಸುಬ್ಬರಾಯನ್‌ಗೆ ಕೊಟ್ಟಾಗಿತ್ತು. ನಾನು ಫ್ಲಾಪಿ ತರುವ ಮೊದಲೇ ಅದೇ ಸುಬ್ಬರಾಯನ್ ಅಶ್ವತ್ಥನ ಮನೆಗೆ ಹೋಗಿ ಅದನ್ನು ಕೇಳಿದ್ದನಂತೆ! ಇನ್ನೇನು ಬೇಕು? ಕಳ್ಳ ಸಿಕ್ಕನೆಂದೇ ನಾನು ಫ್ಲಾಪಿ ಹಿಡಿದು ಅಶ್ವತ್ಥನ ಊರಿಗೆ ಹೋಗುವ ಮೆಟ್ಟೂರು ಬಸ್ ಹತ್ತಿದೆ.

ಅಶ್ವತ್ಥನ ತಾಯಿ ಸಣ್ಣಕ್ಕ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದರು. ವಿಷಯ ಕೇಳಿ ಕೂತುಬಿಟ್ಟರು.

“ಅಂಗಾರೆ ಪೇಪರ್‌ನಾಗೆ ಡಾಕ್ಟರ್ ಅಂತ ಅವನ್ ಎಸ್ರು ಬರಾಕಿಲ್ವಾ ಮಾಲತಿ? ಯಾವನವ್ವಾ ಕೆಡ್ಸಿದ್ದು? ಅವ್ನ ಕೈ ಸೇದೋಗ!”

ಪಕ್ಕದ ಮನೆಯ ಗೋವಿಂದರಾಜ್ ಬಂದು ನನ್ನ ಅನುಮಾನವನ್ನೆಲ್ಲ ಕೇಳಿಸಿಕೊಂಡರು. ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಫ್ಲಾಪಿ ಇಟ್ಟಿದ್ದ ಗೋಡೆಗೂಡನ್ನು ನೋಡಿದರು: ಉಣ್ಣೆ ಕತ್ತರಿ, ಕುಡುಗೋಲು, ಅಶ್ವತ್ಥನ ಕ್ಯಾಲ್ಕುಲೇಟರ್.

“ಸುಬ್ಬರಾಯನ್ ಇದ್ನ ಮುಟ್ಟಿದ್ನಾ, ಸಣ್ಣಕ್ಕ?”

“ಇಲ್ಲಣ್ಣಾ. ಬಾಗ್ಲಲ್ಲೇ ನಿಂತು ಅತ್ತ, ಪಾಪ. ಮಾಲತಿ ಕೈಗೇ ಕೊಡ್ತೀನಿ ಅಂದೆ. ಒಂಟೋದ.”

“ಈ ವರ್ಸ ಹಬ್ಬ ಮಾಡಿದ್ಯಾ?”

“ಸಾವಾದ ಮನೇಲಿ ಏನ್ ಹಬ್ಬ? ಆದ್ರೂ ಆಯುಧ ಬರಿದಾಗಿ ಇರ್ಬಾರ್ದಲ್ಲ. ಆಯುಧಪೂಜೆ ದಿನ ಕುಂಕುಮ ಕಲ್ಸಿ ಇಟ್ಟೆ, ಅಷ್ಟೇ.”

“ಕತ್ತರೀಗೆ ಎಲ್ಲಿ ಇಡ್ತೀಯ?”

“ಅಲಗಿಗೆ. ಕೆಲ್ಸ ಮಾಡೋ ಕಡೀಕೇ ಅಲ್ವಾ ಇಡೋದು?”

ಗೋವಿಂದರಾಜ್ ನನ್ನನ್ನು ಕುರಿದೊಡ್ಡಿಯ ಆಚೆ ಕರೆದೊಯ್ದರು.

“ಗೂಡಲ್ಲಿ ಎಲ್ಲಾಕ್ಕೂ ಬೊಟ್ಟೈತೆ. ಫ್ಲಾಪಿಗೆ ಮಾತ್ರ ಇಲ್ಲ—ಯಾಕೆ? ಮಗನ ಆಯುಧಾನೇ ಮರೀತಾಳಾ ತಾಯಿ?”

ಫ್ಲಾಪಿಯ ಅಂಚಿನ ಜಾರುವ ತಗಡನ್ನು ಉಗುರಿನಿಂದ ಸರಿಸಿದರು. ಒಳಗಿನ ಕಪ್ಪು ಬಿಲ್ಲೆಯ ಮೇಲೆ ಒಣಗಿದ ಕುಂಕುಮ, ಸುತ್ತಲೂ ಗೀರು.

“‘ನನ್ ಕೆಲ್ಸ ಎಲ್ಲಾ ಇದ್ರೊಳ್ಗೇ ಐತೆ ಅವ್ವಾ’ ಅಂತ ಅವ್ನು ಇಂಗೇ ತಗಡು ಸರ್ಸಿ ತೋರ್ಸಿದ್ದ. ನಾನೂ ಇದ್ದೆ. ಸಣ್ಣಕ್ಕಾನೇ ಕಣಮ್ಮಾ. ಬೇರೆ ಯಾರೂ ಅಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಪಾಪದ ಸುಬ್ಬರಾಯನ್‌ನನ್ನು ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ, ಅದಕ್ಕೂ ನಾಚಿಕೆಯಾಯಿತು.

ಒಳಗೆ ಬಂದಾಗ ಸಣ್ಣಕ್ಕ ಎದ್ದು ನಿಂತರು. “ಯಾರಂತೆ ಅಣ್ಣಾ?”

ಮೂವತ್ತು ವರ್ಷ ಬೇರೆಯವರ ಸುಳ್ಳು ಹಿಡಿದ ಮನುಷ್ಯ ನೆಲ ನೋಡುತ್ತ ಹೇಳಿದರು: “ಯಾರೂ ಅಲ್ಲಮ್ಮಾ. ತಂಪು ಇಡ್ದು ಕೆಟ್ಟೋಯ್ತು.”

“ಸದ್ಯ! ಅಂಗಾರೆ ನನ್ ಶಾಪ ಯಾರ್ಗೂ ತಟ್ಟಾಕಿಲ್ಲ ಬುಡು.”

ಫ್ಲಾಪಿಯನ್ನು ಕಣ್ಣಿಗೊತ್ತಿಕೊಂಡು ಮತ್ತೆ ಗೂಡಿನಲ್ಲಿಟ್ಟರು. ಆಮೇಲೆ ಅದೇ ಕೈಯಿಂದ ನಮಗೆ ಮಜ್ಜಿಗೆ ಕೊಟ್ಟರು.